ಎರಡನೇ ಸಾಲಿನ ಗುರುಬಸವ್ವ

ಅಧ್ಯಕ್ಷತೆ ವಹಿಸಿರುವ ಉಮಾಶಂಕರ ಅವರೇ, ಸ್ಕಾರ್‌ಬರೋದಿಂದ ಬಂದು ಎರಡು ಗಂಟೆ ನಮ್ಮ ಹಾಡುಗಳನ್ನು ಸಹಿಸಿಕೊಂಡ ಮುಖ್ಯ ಅತಿಥಿಗಳೇ, ಪರದೆಯ ಹಿಂದೆ ಇನ್ನೂ ನೆರಿಗೆ ಸರಿಮಾಡಿಕೊಳ್ಳುತ್ತಿರುವ ನಮ್ಮ ಚೈತ್ರ ವೃಂದದ ಸದಸ್ಯರೇ, ಮತ್ತು ಮಿಸಿಸಾಗದ ಈ ಶಾಲೆಯ ಸಭಾಂಗಣವನ್ನು ಹಿಂದಿನ ಸಾಲಿನಿಂದಲೇ ತುಂಬಿಕೊಂಡು ಬಂದಿರುವ ಸಭಿಕರೇ,

ಮುಂದೆ ಮೂರು ಸಾಲು ಖಾಲಿ ಇವೆ. ಹತ್ತು ವಸಂತದಿಂದ ನೋಡುತ್ತಿದ್ದೇನೆ, ಖಾಲಿಯೇ ಇವೆ. ಬನ್ನಿ ಎಂದು ಕರೆದರೆ ಎಲ್ಲರೂ ಪಕ್ಕದವರನ್ನು ನೋಡುತ್ತೀರಿ. ಇರಲಿ, ಕುಳಿತಲ್ಲೇ ಕೇಳಿ.

ಉಮಾಶಂಕರ ಅವರು ಈಗ ಓದಿದ ಸನ್ಮಾನಪತ್ರದಲ್ಲಿ ನನ್ನನ್ನು ‘ಶಿಸ್ತಿನ ಸಾಕಾರಮೂರ್ತಿ’ ಎಂದಿದ್ದಾರೆ. ‘ಸತ್ಯನಿಷ್ಠೆ’ ಎಂಬ ಮಾತೂ ಇದೆ. ಅದು ಬೇಡವೆಂದು ನಾನು ಎರಡು ಸಲ ಫೋನ್ ಮಾಡಿ ಹೇಳಿದ್ದೆ. ಯಾರು ಕೇಳುತ್ತಾರೆ? ಈ ವೃಂದದಲ್ಲಿ ನನ್ನ ಮಾತನ್ನು ಕೇಳಿದವರುಂಟೇ? ಎರಡು ಗಂಟೆಗೆ ಪ್ರಾಕ್ಟೀಸು ಎಂದರೆ ಮೂರೂಕಾಲಿಗೆ ಬರುತ್ತೀರಿ. ಬಂದವರು ಮೊದಲು ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆಯುತ್ತೀರಿ. ಒಬ್ಬರಿಗೆ ಶ್ರುತಿ ಜಾಸ್ತಿ, ಒಬ್ಬರಿಗೆ ಕಡಿಮೆ, ಎಲ್ಲರಿಗೂ ನಡುವೆ ಒಂದು ಸಾಲು ಒಬ್ಬರೇ ಹಾಡಬೇಕು. ಎಲ್ಲರೂ ಒಬ್ಬೊಬ್ಬರೇ ಹಾಡಿದರೆ ಅದು ವೃಂದಗಾನ ಹೇಗಾಗುತ್ತದೆ ಸ್ವಾಮಿ?

ನಾನು ಈ ದೇಶಕ್ಕೆ ಬಂದ ಮೊದಲ ವಸಂತ, ತೊಂಬತ್ತನಾಲ್ಕರಲ್ಲಿ, ಪಕ್ಕದ ಮನೆಯಾಕೆ ಅವರ ಚರ್ಚಿನ ಹಾಡುಗಾರರ ಗುಂಪಿಗೆ ನನ್ನನ್ನು ಕರೆದೊಯ್ದಿದ್ದರು. ಮೈಸೂರಿನಲ್ಲಿ ಹನ್ನೆರಡು ವರ್ಷ ಸಂಗೀತ ಕಲಿತವಳು ನಾನು. ಅಲ್ಲಿನ ನಿರ್ದೇಶಕರು ಬಹಳ ಸಭ್ಯರು. ಎರಡು ವಾರ ನನ್ನ ದನಿ ಕೇಳಿ, ನಗುನಗುತ್ತಲೇ, ಕಾರ್ಯಕ್ರಮದ ದಿನ ತುಟಿ ಆಡಿಸಿದರೆ ಸಾಕು ಎಂದರು. ನಾನು ಆಡಿಸಿದೆ. ಬಿಳಿ ರವಿಕೆ, ಕಪ್ಪು ಲಂಗ ಹಾಕಿಕೊಂಡು ಒಂದೂವರೆ ಗಂಟೆ ತುಟಿ ಆಡಿಸಿದೆ. ಮನೆಗೆ ಬಂದು ಭಾಸ್ಕರನಿಗೆ, ಅಂದರೆ ನನ್ನ ಯಜಮಾನರಿಗೆ, ನಮ್ಮದೇ ಒಂದು ಗುಂಪು ಕಟ್ಟುತ್ತೇನೆ ಎಂದೆ. ಹಾಗೆ ಮರುವರ್ಷ ಶುರುವಾದದ್ದು ಇದು. ಇರಲಿ, ವಿಷಯ ಅದಲ್ಲ.

ವಿಷಯ ಗುರುಬಸವ್ವನವರದು.

ಹಳಬರಿಗೆ ನೆನಪಿರಬಹುದು, ಹೊಸಬರಿಗೆ ಹೇಳುತ್ತೇನೆ. ಧಾರವಾಡದ ಕಡೆಯ ಹೆಣ್ಣುಮಗಳು, ಆಸ್ಪತ್ರೆಯೊಂದರಲ್ಲಿ ವಾರ್ಡು ಸ್ವಚ್ಛಮಾಡುವ ಕೆಲಸ. ತೊಂಬತ್ತೊಂಬತ್ತರಲ್ಲಿ ನಮ್ಮ ವೃಂದ ಸೇರಿದರು. ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು, ಮತ್ತು ಎರಡು ಗಂಟೆಗೇ ಬರುತ್ತಿದ್ದರು. ಅವರನ್ನು ಎರಡನೇ ಸಾಲಿನಲ್ಲಿ ನಿಲ್ಲಿಸಿದ್ದೆ. ದನಿ ಎಂಥದು ಅಂತೀರಿ, ಹದಿನಾಲ್ಕು ಜನ ಹಾಡಿದರೂ ಅದೊಂದೇ ಎದ್ದು ಕೇಳುತ್ತಿತ್ತು. “ಗುರುಬಸವ್ವನವರೇ, ಸ್ವಲ್ಪ ಅರ್ಧ ದನೀಲಿ ಹಾಡಿ” ಎಂದು ನಾನು ನಾಲ್ಕು ವರ್ಷ ಹೇಳಿದೆ.

“ಅರ್ಧ ದನಿ ಅಂದ್ರ ಹೆಂಗ್ರೀ ಅಕ್ಕಾರ? ಬಾಯಿ ತಗದ ಮ್ಯಾಲ ಪೂರ್ತಿನ ಬರ್ತೈತಿ” ಎನ್ನುತ್ತಿದ್ದರು.

ಎರಡು ಸಾವಿರದ ಮೂರನೇ ಇಸವಿಯ ವಸಂತ ನಿಮಗೆಲ್ಲ ಗೊತ್ತು. ಸಾರ್ಸ್ ಎಂಬ ಆ ಅಂಟುಜ್ವರ ಬಂತು. ಟೊರಾಂಟೊ ಎಂದರೆ ಊರಿನಿಂದ ಫೋನ್ ಮಾಡುವವರೂ ಹೆದರುತ್ತಿದ್ದ ಕಾಲ. ಎಲ್ಲರೂ ಕಾರ್ಯಕ್ರಮ ಮುಂದೂಡಿದರು, ನಾನು ಮುಂದೂಡಲಿಲ್ಲ. ಹಟ. ಮೂರು ಪ್ರಾಕ್ಟೀಸು ತಪ್ಪಿಸಿದವರಿಗೆ ವೇದಿಕೆ ಇಲ್ಲ ಎಂಬ ನಿಯಮವನ್ನೂ ಅದೇ ವರ್ಷ ಮಾಡಿದೆ. ಗುರುಬಸವ್ವ ಸಾಲಾಗಿ ಮೂರು ಶನಿವಾರ ಬರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅವರ ಫೋನಿನಲ್ಲಿ ಮೆಸೇಜು ಬಿಟ್ಟೆ: “ನಿಯಮ ಅಂದ್ರೆ ನಿಯಮ. ನಿಮ್ಮ ಹತ್ರ ಇರೋ ವೃಂದದ ಹಳದಿ ಸೀರೆ, ನಿಮ್ಮ ಜಾಗದಲ್ಲಿ ನಿಲ್ಲೋ ಸಂಜನಾಗೆ ಬೇಕು. ನಾಳೆ ಬಂದು ತಗೋತೀನಿ.”

ಮರುದಿನ ಹೋದೆ. ಅವರದು ಬೇಸ್‌ಮೆಂಟಿನ ಮನೆ. ಬಾಗಿಲು ತಟ್ಟಿದರೆ ನೆಲಮಟ್ಟದ ಪುಟ್ಟ ಕಿಟಕಿ ತೆರೆಯಿತು. ಹಿಮ ಕರಗಿ ಕೆಸರಾಗಿದ್ದ ಹುಲ್ಲಿನ ಮೇಲೆ ಮೊಣಕಾಲೂರಿ ಬಗ್ಗಿ ನೋಡಿದೆ. ಒಳಗೆ ಗುರುಬಸವ್ವ, ಮುಖಕ್ಕೆ ಮಾಸ್ಕು.

“ಅಲ್ಲೇ ಇರ್ರಿ ಅಕ್ಕಾರ, ಹತ್ತಿರ ಬರಬ್ಯಾಡ್ರಿ. ನಾ ಕೆಲಸ ಮಾಡೋ ವಾರ್ಡಿನಾಗ ಇಬ್ಬರಿಗೆ ಸಾರ್ಸ್ ಬಂದೈತಿ. ಹತ್ತು ದಿನ ಮನಿ ಬಿಟ್ಟು ಹೊರಗ ಬರಬ್ಯಾಡ ಅಂದಾರ. ಅದಕ್ಕೂ ಮೊದಲಿನ ಎರಡು ಶನಿವಾರ ಡಬಲ್ ಶಿಫ್ಟ್ ಹಾಕಿದ್ರು.”

“ಒಂದು ಫೋನ್ ಮಾಡೋಕೆ ಏನಾಗಿತ್ರೀ ನಿಮಗೆ?”

“ಹೇಳಿದ್ರ ಮಂದಿ ಹೆದರ್ತಾರ್ರಿ. ಆಮ್ಯಾಲ ನಿಮ್ಮ ಪ್ರಾಕ್ಟೀಸಿಗೆ ಯಾರ ಬರ್ತಿದ್ರು?”

ಆಮೇಲೆ ಕೇಳಿದರು: “ನನಗೇನೂ ಜ್ವರಾ ಇಲ್ರಿ. ಶುಕ್ರವಾರಕ್ಕ ಹತ್ತು ದಿನ ಮುಗಿತಾವು. ಶನಿವಾರ ಬರ್ಲೇನ್ರಿ?”

ನಾನು “ನೋಡೋಣ” ಎಂದೆ. ಎದ್ದು ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದೆ. ಬಾಗಿಲ ಬಳಿ ಚೀಲದಲ್ಲಿ ಸೀರೆ ಇಟ್ಟಿದ್ದರು, ಮುಟ್ಟಲಿಲ್ಲ. ಮನೆಗೆ ಬಂದು ಮೂರು ಸಲ ಕೈ ತೊಳೆದೆ. ಮತ್ತೆ ಅವರಿಗೆ ಫೋನ್ ಮಾಡಲಿಲ್ಲ.

ಶನಿವಾರ ವೃಂದದ ನೀವೆಲ್ಲ ಕೇಳಿದಿರಿ, ಗುರುಬಸವ್ವ ಎಲ್ಲಿ ಎಂದು. ನಿಜ ಹೇಳಿದ್ದರೆ ಅರ್ಧ ಜನ ಆಗಲೇ ಕೋಟು ಹಾಕಿಕೊಂಡು ಹೊರಡುತ್ತಿದ್ದಿರಿ. ತಿಂಗಳ ಹಿಂದೆ ಅವರ ಪಕ್ಕದಲ್ಲೇ ಕೂತು ಉಪ್ಪಿಟ್ಟು ತಿಂದವರಲ್ಲವೇ ನೀವು? ನನ್ನ ಕಾರ್ಯಕ್ರಮಕ್ಕೆ ಹತ್ತೇ ದಿನ ಉಳಿದಿತ್ತು. “ಅವರ ಸ್ವರ ಸರಿಯಿಲ್ಲ, ತೆಗೆದುಹಾಕಿದೆ” ಎಂದೆ. ಯಾರೊಬ್ಬರೂ ಅನುಮಾನಿಸಲಿಲ್ಲ. ಹತ್ತು ವರ್ಷದಲ್ಲಿ ನನ್ನ ಮಾತನ್ನು ನೀವು ಮರುಪ್ರಶ್ನೆಯಿಲ್ಲದೆ ಒಪ್ಪಿದ್ದು ಅದೊಂದೇ ಸಲ! ಅಂದು ವಾದ ಮಾಡಬಾರದಿತ್ತೇ?

ಆ ಕಾರ್ಯಕ್ರಮಕ್ಕೆ ಮುನ್ನೂರು ಕುರ್ಚಿಯ ಸಭಾಂಗಣದಲ್ಲಿ ನಲವತ್ತು ಜನ. ಹಾಡು ಶುರುವಾದ ಶ್ರುತಿಯಲ್ಲಿ ಮುಗಿಯಲಿಲ್ಲ, ಪ್ರತಿ ಚರಣಕ್ಕೂ ಕೆಳಗಿಳಿಯಿತು. ಹೀಟರು ಸರಿಯಿರಲಿಲ್ಲ, ಗಂಟಲು ಕಟ್ಟಿತ್ತು ಎಂದು ನಾನೇ ಸಮಾಧಾನ ಹೇಳಿದೆ.

ಆ ಬೇಸಿಗೆಯಲ್ಲಿ ಇಲ್ಲೇ ಒಂದು ನಾಮಕರಣ ಇತ್ತು. ನಮ್ಮವರ ಮನೆಯ ಯಾವ ತೊಟ್ಟಿಲ ಶಾಸ್ತ್ರದಲ್ಲೂ ಜೋಗುಳ ಗುರುಬಸವ್ವನವರದೇ. ಅವರು ತೊಟ್ಟಿಲ ಹತ್ತಿರ ಹೋಗುವಾಗ ಯಾರೋ ಹೇಳಿದರು: “ಬೇರೆ ಯಾರಾದ್ರೂ ಹಾಡ್ಲಿ ಬಿಡ್ರೀ. ಅವರ ಸ್ವರ ಸರಿಯಿಲ್ಲ ಅಂತ ಅರುಂಧತಿಯವರೇ ತೆಗ್ದಿದಾರಂತೆ.” ಹೇಳಿದವರ ಹೆಸರು ಬೇಡ, ಮೂಲ ನಾನೇ. ಗುರುಬಸವ್ವ ನನ್ನ ಕಡೆ ನೋಡಿದರು. ನಾನು ಅಲ್ಲೇ ಇದ್ದೆ. ಚಿರೋಟಿಗೆ ಹಾಲು ಹಾಕಿಕೊಳ್ಳುತ್ತಿದ್ದೆ. ಹಾಕಿಕೊಳ್ಳುತ್ತಲೇ ಇದ್ದೆ. ಅಂದಿನಿಂದ ಅವರು ಎಲ್ಲೂ ಹಾಡಿಲ್ಲ.

ಈ ಫೆಬ್ರವರಿಯಲ್ಲಿ ಹತ್ತನೇ ವರ್ಷದ ನೆನಪಿಗೆಂದು ಹಳೆಯ ಧ್ವನಿಮುದ್ರಣಗಳನ್ನೆಲ್ಲ ಕೇಳಿದೆ. ಮೊದಲ ವರ್ಷಗಳಲ್ಲಿ ನಾವು ಶ್ರುತಿಯಲ್ಲಿ ಅಲೆದಾಡುತ್ತೇವೆ. ತೊಂಬತ್ತೊಂಬತ್ತರಿಂದ ನಿಲ್ಲುತ್ತೇವೆ. ಎರಡು ಸಾವಿರದ ಮೂರರಿಂದ ಮತ್ತೆ ಜಾರುತ್ತೇವೆ. ನಾನು ಅರ್ಧ ಮಾಡಿ ಎಂದು ಗೋಳಾಡುತ್ತಿದ್ದ ದನಿಯನ್ನೇ ಉಳಿದ ಹದಿಮೂರು ಜನ ಹಿಡಿದುಕೊಂಡಿದ್ದರು. ಶ್ರುತಿಪೆಟ್ಟಿಗೆಯನ್ನು ಯಾರೂ ಕೇಳಿಸಿಕೊಂಡೇ ಇರಲಿಲ್ಲ. ಇಷ್ಟು ತಿಳಿಯಲು ಸಂಗೀತ ಕಲಿತವಳಿಗೆ ಅವರು ಸೇರಿದಂದಿನಿಂದ ಆರು ವರ್ಷ ಬೇಕಾಯಿತು ಎಂದರೆ ಏನು ಹೇಳಲಿ?

ಮತ್ತೆ ಅವರ ಮನೆಗೆ ಹೋದೆ. ಈ ಸಲ ಒಳಗೆ ಕರೆದು ಚಹಾ ಕೊಟ್ಟರು. ನಾನು ತಪ್ಪಾಯಿತು ಎಂದೆ, ವಾಪಸ್ ಬನ್ನಿ ಎಂದೆ. ಕೇಳಿಸಿಕೊಂಡು ಹೇಳಿದರು: “ಇಲ್ಲಿ ನನ್ನ ಮುಂದ ಹೇಳಿದ್ರ ಏನಾತ್ರೀ ಅಕ್ಕಾರ? ನನಗ ಗೊತ್ತಿದ್ದದ್ದ ಅದು. ಯಾರಿಗೆ ಸುಳ್ಳು ಹೇಳೀರಿ, ಅವರಿಗೆ ಹೇಳ್ರಿ.”

ಹೇಳುತ್ತೇನೆ, ಕಾರ್ಯಕ್ರಮಕ್ಕೆ ಬನ್ನಿ ಎಂದೆ. “ಭಾನುವಾರ ಶಿಫ್ಟ್ ಐತ್ರಿ, ಬಿಡಾಕ ಆಗಂಗಿಲ್ಲ. ವಿಡಿಯೋ ಮಾಡಿಸ್ರಿ, ನೋಡ್ತೀನಿ” ಎಂದರು.

ಅದಕ್ಕೇ ಭಾಸ್ಕರ ಅಲ್ಲಿ ಕ್ಯಾಮೆರಾ ಹಿಡಿದು ನಿಂತಿರುವುದು. ರೀ, ಕೆಂಪು ದೀಪ ಉರಿಯುತ್ತಿದೆಯೇ? ನನ್ನನ್ನು ಬಿಡಿ, ಮೊದಲು ಸಭೆಯನ್ನು ತೋರಿಸಿ. ಎಷ್ಟು ಜನ ಕೇಳುತ್ತಿದ್ದಾರೆಂದು ಅವರಿಗೆ ಕಾಣಲಿ. ಆಯಿತೇ? ಈಗ ಇತ್ತ ತಿರುಗಿಸಿ.

ಗುರುಬಸವ್ವನವರೇ, ನಿಮ್ಮ ಸ್ವರದಲ್ಲಿ ಯಾವ ತಪ್ಪೂ ಇರಲಿಲ್ಲ. ನಾನು ಸುಳ್ಳು ಹೇಳಿದೆ. ಇಲ್ಲಿರುವವರೆಲ್ಲ ಈಗ ಕೇಳಿದ್ದಾರೆ. ಬರುವುದು ಬಿಡುವುದು ನಿಮಗೆ ಸೇರಿದ್ದು.

ಸಭಿಕರೇ, ಈ ಶಾಲನ್ನು ಇಟ್ಟುಕೊಳ್ಳುತ್ತೇನೆ, ಇಲ್ಲಿ ಚಳಿ ಇದೆ. ಸನ್ಮಾನಪತ್ರವನ್ನು ಮಾತ್ರ ಉಮಾಶಂಕರ ಅವರು ತಿದ್ದಿ ಕೊಡಲಿ. ಎದ್ದು ಹೋಗದೆ ಕೇಳಿದ್ದಕ್ಕೆ ನಿಮಗೆ ನಾನು ಋಣಿ. ನಮಸ್ಕಾರ.