ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಕುರ್ಚಿ

ಹಲೋ… ಮಾಟುಂಗ ಕನ್ನಡ ಬಳಗದ ಆಫೀಸಾ? ಯಾರು ಮಾತಾಡೋದು?

…

ಹಾಂ, ತಿರುಮಲೇಶ್ ಅವರಾ? ನಾನು ವಿಮಲಾ. ಕುರ್ಲಾ ಸ್ಟೇಷನ್ನಿನ ಫೋನಿಂದ. ಲೋಕಲ್ ನಿಂತು ಮುಕ್ಕಾಲು ಗಂಟೆ ಆಯ್ತು. ಯುರೋಪಿನವರು ಬಂದ್ರಾ?

…

ಮಂತ್ರಿಗೆ ಪೇಟ ತೊಡಿಸಿದ್ರಿ, ಸರಿ. ನಾನು ಕೇಳಿದ್ದು ಅವರ ಕಾರ್ಯದರ್ಶಿ ಲಿಂಡೆನ್ ಅವರನ್ನ. ಬಿಳಿ ಕೂದಲು, ತೆಳ್ಳಗೆ, ಎತ್ತರ…

…

ಫೈಲು ಹೊತ್ಕೊಂಡು ಬಂದ ಮುದುಕನಾ? ಅವರೇ ರೀ! ಎಲ್ಲಿ ಕೂರಿಸಿದ್ದೀರಿ?

…

ಎಲ್ಲಿ? ಇನ್ನೊಂದ್ಸಲ ಹೇಳಿ… ಚಪ್ಪಲಿ ಸ್ಟ್ಯಾಂಡಿನ ಪಕ್ಕ? ಡ್ರೈವರ್ ಜೊತೆ?

…

ಗುಮಾಸ್ತ ಅಂದ್ಕೊಂಡ್ರಾ! ನಮ್ಮಲ್ಲಿ ಸಾಹೇಬರು ಫೈಲು ಮುಟ್ಟಲ್ಲ, ಜವಾನ ಹೊರ್ತಾನೆ, ನಿಜ. ಅವರಲ್ಲಿ ಹಾಗಲ್ಲ ಸ್ವಾಮಿ! ಸ್ವಾಗತ ಭಾಷಣಕ್ಕೆ ಅಂತ ಅವರ ಬಗ್ಗೆ ಎರಡು ಪುಟ ಟೈಪ್ ಮಾಡಿ ಕೊಟ್ಟಿದ್ನಲ್ಲ, ಓದಿದ್ರಾ?

…

ಉದ್ದ ಆಯ್ತು ಅಂತ ತೆಗೆದುಬಿಟ್ರಾ? ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚೀಲಿದ್ದಾರೆ ರೀ! ಆರು ಮಂತ್ರಿಗಳು ಬಂದ್ರು, ಹೋದ್ರು. ಆರು ಜನರ ಭಾಷಣಾನೂ ಬರೆದದ್ದು ಅವರೇ. ಯಾವ ದೇಶದಿಂದ ಎಷ್ಟು ಬಟ್ಟೆ ತರಿಸಬೇಕು ಅನ್ನೋ ಮಾತಿಗೆ ಬ್ರಸೆಲ್ಸ್‌ನಲ್ಲಿ ಕೂರೋದೂ ಅವರೇ. ಮಂತ್ರಿ ಸಹಿ ಹಾಕ್ತಾರೆ, ಅಷ್ಟೇ.

…

ನಗಬೇಡಿ! ಆಂಟಾಪ್ ಹಿಲ್ಲಿನ ನಮ್ಮ ಹೊಲಿಗೆ ಘಟಕದಲ್ಲಿ ನಲವತ್ತು ಹೆಂಗಸರಿದ್ದಾರೆ. ಅವರು ತರಿಸ್ಕೊಳ್ಳೋ ನಮ್ಮ ಬಟ್ಟೆಯ ಕೋಟಾ ಹೆಚ್ಚದಿದ್ರೆ ದೀಪಾವಳಿಗೆ ಬೀಗ. ಅರ್ಜಿ ಲಿಂಡೆನ್ ಅವರ ಕೈಗೇ ಕೊಡ್ಬೇಕು ಅಂತ ಹನುಮವ್ವನ್ನ ಬೆಳಿಗ್ಗೇನೇ ಕಳಿಸಿದ್ದೆ. ಅವಳೆಲ್ಲಿ?

…

ಪಾಸ್ ಇಲ್ಲ ಅಂತ ಅವಳನ್ನೂ ಹೊರಗೆ ಹಾಕಿದ್ರಾ? ನಾಚಿಕೆ ಆಗಲ್ವಾ? ನೀವು ಹಾಕ್ಕೊಂಡಿರೋ ಜುಬ್ಬಾ ಹೊಲಿದವಳು ಅವಳು! ಹೊರಗೆ ಅಂದ್ರೆ ಎಲ್ಲಿ?

…

ತಡೀರಿ, ತಡೀರಿ. ಲಿಂಡೆನ್ ಅವರ ಪಕ್ಕದಲ್ಲೇನಾ? ಸ್ವಲ್ಪ ಕಿಟಕಿಯಿಂದ ನೋಡಿ ಹೇಳಿ. ಮೆಲ್ಲಗೆ. ಏನ್ ಮಾಡ್ತಿದ್ದಾರೆ?

…

ಓದ್ತಿದ್ದಾರಾ? ಅರ್ಜೀನೇ ಅಲ್ವಾ? ಇಂಗ್ಲಿಷ್‌ನಲ್ಲಿದೆ, ನೀಲಿ ಕವರು…

…

ಇವಳು ತನ್ನ ರವಿಕೆ ತೋಳಿನ ಹೊಲಿಗೆ ತೋರಿಸ್ತಿದ್ದಾಳಾ? ಅವರು ನಗ್ತಿದ್ದಾರಾ, ಬರ್ಕೋತಿದ್ದಾರಾ? ಸರಿಯಾಗಿ ನೋಡಿ!

…

ಬರ್ಕೋತಿದ್ದಾರೆ… ಅಬ್ಬ.

…

ಏನು? ತಪ್ಪಾಯ್ತು ಅಂತ ಈಗ ವೇದಿಕೆಗೆ ಕರ್ಕೊಂಡು ಹೋಗ್ತೀರಾ? ಬೇಡ! ಹಾರ ಬೇಡ, ಶಾಲು ಬೇಡ, ಅವರನ್ನ ಎಬ್ಬಿಸ್ಬೇಡಿ!

…

ತಿರುಮಲೇಶ್ ಅವರೇ? ವಾಲಗದವರನ್ನ ಯಾಕೆ ಕೂಗ್ತಿದ್ದೀರಿ? ನನ್ನ ಮಾತು ಕೇಳಿಸ್ತಿದೆಯಾ? ಹಲೋ? ಅಲ್ಲೇ ಕೂತಿರಲಿ ರೀ ಅವರು, ಅಲ್ಲೇ ಕೂತಿ…