ಜಳಕವಿಲ್ಲದ ದೀಪಾವಳಿ

ಇಂದಿನ ಸಭೆಯ ಅಧ್ಯಕ್ಷರಾದ ಅಂದಾನೆಪ್ಪನವರೇ, ನನಗೆ ಗಣಿತ ಕಲಿಸಿದ, ಕಲಿಯದಿದ್ದಾಗ ಕಿವಿ ಹಿಂಡಿದ ಗಂಗಾಂಬಿಕಾ ಮೇಡಂ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದಿರುವ ತಂದೆತಾಯಂದಿರೇ, ನಾಳೆ ರೈಲು ಹತ್ತಲಿರುವ ಒಂಬತ್ತನೇ ವರ್ಗದ ಮಕ್ಕಳೇ, ಎಲ್ಲ ಸಭಿಕರೇ,

ನಿಮಗೆ ಗೊತ್ತಿರುವಂತೆ ನಮ್ಮ ಈ ವಸತಿ ಶಾಲೆಯಿಂದ ಪ್ರತಿ ವರ್ಷ ಒಂಬತ್ತನೇ ವರ್ಗದ ಕೆಲವು ಮಕ್ಕಳು ಹಿಮಾಚಲದ ಉತ್ತರ ತುದಿಯ ಒಂದು ಕಣಿವೆಗೆ ಓದಲು ಹೋಗುತ್ತಾರೆ. ಅಲ್ಲಿಯ ಮಕ್ಕಳು ಇಲ್ಲಿಗೆ ಬರುತ್ತಾರೆ. ನಾನೂ ಹಾಗೆ ಹೋದವಳು. ದಾನೇಶ್ವರಿ, ಬೀಳಗಿಯ ಗೊಬ್ಬರದ ಅಂಗಡಿ ಸಂಜಯ ಅವರ ಮಗಳು. ಈಗ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಮಕ್ಕಳಿಗೆ ನಾಲ್ಕು ಧೈರ್ಯದ ಮಾತು ಹೇಳು, ಐದೇ ನಿಮಿಷ, ಎಂದು ಮೇಡಂ ಹೇಳಿದ್ದಾರೆ. ಮೇಡಂ ಅವರ ಐದು ನಿಮಿಷ ಎಷ್ಟು ಉದ್ದ ಎಂಬುದು ಅವರ ತರಗತಿಯಲ್ಲಿ ಕೂತವರಿಗೆಲ್ಲ ಗೊತ್ತು.

ಧೈರ್ಯ! ನನಗೆ ಎಲ್ಲಿತ್ತು ಧೈರ್ಯ? ಹೆಸರು ಕೊಟ್ಟವರು ನಮ್ಮ ಅಪ್ಪ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆ ಸಿಟ್ಟಿನಲ್ಲಿ ಬಾಗಲಕೋಟೆ ಸ್ಟೇಷನ್ನಿನಲ್ಲಿ ಅವರಿಗೆ ಟಾಟಾ ಕೂಡ ಮಾಡಲಿಲ್ಲ. ರೈಲು ಮುಗಿದ ಮೇಲೆ ಬಸ್ಸು, ಬಸ್ಸು ಮುಗಿದ ಮೇಲೆ ಜೀಪು. ಕೊನೆಗೆ ಇಳಿಸಿದರು. ಸುತ್ತ ನೋಡುತ್ತೇನೆ, ಒಂದು ಗಿಡ ಇಲ್ಲ. ಕಬ್ಬಿನ ಹಸಿರಿನಲ್ಲಿ ಬೆಳೆದ ಕಣ್ಣು ನನ್ನದು. ಬರೀ ಕಲ್ಲು, ಕಲ್ಲಿನ ಮೇಲೆ ಆಕಾಶ. ಇಲ್ಲಿ ಮನುಷ್ಯರು ಏನು ತಿನ್ನುತ್ತಾರೆ ಎಂದು ದಂಗಾಗಿ ನಿಂತೆ. ಚಹಾ ಕೊಟ್ಟರು. ಅದರಲ್ಲಿ ಉಪ್ಪು! ಉಪ್ಪಿನ ಜೊತೆ ಬೆಣ್ಣೆ! ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಆದರೆ ಸಭಿಕರೇ, ನಿಜವಾದ ಆಘಾತ ಬಂದದ್ದು ಅಕ್ಟೋಬರ್ ಕೊನೆಗೆ. ಒಂದು ಬೆಳಿಗ್ಗೆ ನಲ್ಲಿ ತಿರುಗಿಸಿದೆ, ನೀರಿಲ್ಲ. ಪೈಪಿನೊಳಗೆ ನೀರು ಕಲ್ಲಾಗಿತ್ತು. ಹಿಮ ಕರಗಿಸಿದ ನೀರು ಅಡುಗೆಗೆ, ಕುಡಿಯಲಿಕ್ಕೆ ಮಾತ್ರ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿಕೊಂಡರೆ ಮುಗಿಯಿತು. ಚಳಿಗಾಲವಿಡೀ ಹೀಗೇ ಎಂದರು ವಾರ್ಡನ್ ಮೇಡಂ, ಏನೂ ಆಗಿಲ್ಲವೆಂಬಂತೆ. ನಾನು ಮಾತ್ರ ಆ ನಲ್ಲಿಯ ಮುಂದೇ ಕೂತುಬಿಟ್ಟೆ.

ಯಾಕೆ ಅಂದರೆ, ನಮ್ಮದು ಲಿಂಗಪೂಜೆಯ ಮನೆ. ನನ್ನನ್ನು ಬೆಳೆಸಿದವಳು ನಮ್ಮ ಆಯಿ ಶಂಕ್ರೆವ್ವ, ಅಪ್ಪನ ತಾಯಿ. ಸ್ನಾನ ಇಲ್ಲದೆ ಪೂಜೆ ಇಲ್ಲ, ಪೂಜೆ ಇಲ್ಲದೆ ಬಾಯಿಗೆ ತುತ್ತಿಲ್ಲ, ಇದು ಆಯಿಯ ಕಾಯಿದೆ. ಆಕೆ ಪುಷ್ಯ ಮಾಸದ ಚಳಿಯಲ್ಲೂ ನಸುಕಿನಲ್ಲಿ ತಣ್ಣೀರು ಸುರಿದುಕೊಳ್ಳುವವಳು. ನಮ್ಮ ಅತ್ತೆಯ ಗಂಡ ಹೊಸ ಅಳಿಯನಾಗಿ ಬಂದಾಗ ಸ್ನಾನ ಮಾಡದೆ ಅಡುಗೆಮನೆಯ ಹೊಸ್ತಿಲು ದಾಟಿದರಂತೆ. ಆಯಿ ಎಬ್ಬಿಸಿದ ಗದ್ದಲಕ್ಕೆ ಹೆದರಿ ಪಾಪ ಬಸ್ ಸ್ಟ್ಯಾಂಡಿಗೆ ಹೋಗಿ ಚಹಾ ಕುಡಿದು ಬಂದರು. ಇಂದಿಗೂ ನಮ್ಮ ಮನೆಗೆ ಬಂದರೆ ಅವರು ಮೊದಲು ಕೇಳುವುದು ಬಚ್ಚಲುಮನೆ.

ಅಂಥ ಆಯಿಯ ಮೊಮ್ಮಗಳು ನಾನು. ಬಕೆಟ್ಟಿನ ಮೇಲಿನ ಮಂಜುಗಡ್ಡೆ ಒಡೆದು ತಲೆಯ ಮೇಲೆ ಸುರಿದುಕೊಂಡೆ. ಸಂಜೆಗೆ ಜ್ವರ. ಶಾಲೆಯ ಕಂಪೌಂಡರ್ ಬಂದು, ಮತ್ತೆ ನೀರು ಮುಟ್ಟಿದರೆ ಈ ಹುಡುಗಿ ಉಳಿಯುವುದಿಲ್ಲ ಎಂದು ಎಲ್ಲರೆದುರು ಹೇಳಿಹೋದ. ಸರಿ, ಸ್ನಾನ ಬಿಟ್ಟೆ. ಅದರ ಜೊತೆ ಊಟವನ್ನೂ ಬಿಟ್ಟೆ.

ನನ್ನ ಜೊತೆ ಹೋದವಳು ಅನಗವಾಡಿಯ ಉಮಾಶ್ರೀ. ಬೀರಪ್ಪನ ಒಕ್ಕಲಿನವರು, ಕುರಿ ಸಾಕುವ ಮನೆತನ. ಅವಳು ತಮ್ಮ ಮನೆಯ ಕಂಬಳಿಯನ್ನು ನನ್ನ ಮೇಲೆ ಹೊದಿಸಿ, ತಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ‘ಏ ದಾನಿ, ನಮ್ಮ ಬೀರಪ್ಪ ಕುರಿ ಹಿಂದ ಅಡ್ಡಾಡಿದಾವ. ಯಾರ ಜಳಕಾನೂ ಕೇಳಂಗಿಲ್ಲ. ನಿಮ್ಮ ದೇವರಿಗಿ ಯಾಕ ಇಷ್ಟ ಸಿಟ್ಟು?’ ನಾನು ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ವಾರ್ಡನ್ ಬೈದರು, ರಮಿಸಿದರು, ಕೊನೆಗೆ ಅತ್ತೇಬಿಟ್ಟರು. ಒಂದು ಸಂಜೆ ಪ್ರಾರ್ಥನೆಗೆ ನಿಂತಾಗ ಕಣ್ಣು ಕತ್ತಲೆ ಬಂದು ಬಿದ್ದೆ. ಮರುದಿನ ನಸುಕಿನಲ್ಲೇ ಉಮಾಶ್ರೀ ನನ್ನನ್ನು ಕೇಳದೆ ನಮ್ಮ ಮನೆಗೆ ಫೋನ್ ಹಚ್ಚಿದಳು.

ಫೋನಿನಲ್ಲಿ ಅಪ್ಪ ಅಲ್ಲ, ಆಯಿ. ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ.

‘ಊಟಾ ಬಿಟ್ಟಿಯಂತಲ್ಲ ಬೇ?’

‘ಜಳಕಾ ಇಲ್ಲ ಆಯಿ. ಹೆಂಗ ಉಣ್ಣಲಿ?’

‘ಹಂಗ ಉಣ್ಣು. ಲಿಂಗಪ್ಪ ನಿನ್ನ ಜಳಕಾ ಕೇಳಂಗಿಲ್ಲ, ನಿನ್ನ ಕೇಳತಾನ.’

ನನಗೆ ಎಲ್ಲಿಲ್ಲದ ಕೋಪ ಬಂತು. ಹುಟ್ಟಿದಾಗಿನಿಂದ ಒಂದು ಹೇಳಿ, ಈಗ ಇನ್ನೊಂದು ಹೇಳುತ್ತಾಳಲ್ಲ! ‘ನಿನಗೇನ ಆಯಿ, ಹೇಳಾಕ ಹಗರ. ನೀ ಉಂತಿಯೇನು ಜಳಕಾ ಇಲ್ಲದ?’ ಎಂದೆ.

ಆಯಿ ಅಪ್ಪನನ್ನು ಕೂಗಿದ್ದು ಕೇಳಿಸಿತು. ‘ಸಂಜ್ಯಾ, ಇದನ್ನ ಗ್ವಾಡಿಗಿ ಆನಿಸಿ ಇಡು. ಆಕಿಗಿ ನಾ ಕಾಣುವಂಗ ಮಾಡು.’

ಚಿತ್ರ ಬಂತು. ಆಯಿ ಹಾಸಿಗೆಯಿಂದ ಎದ್ದ ಹಾಗೇ ಇದ್ದಳು. ಮುದುಡಿದ ಸೀರೆ, ಬಿಚ್ಚಿದ ಕೂದಲು. ನಾನು ಆಯಿಯನ್ನು ಹಾಗೆ ನೋಡಿದ್ದೇ ಇಲ್ಲ. ಕೂತಳು. ಕೊರಳಿನಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡಳು. ವಿಭೂತಿ ಧರಿಸಿ ಕಣ್ಣು ಮುಚ್ಚಿದಳು. ಪೂಜೆ ಮುಗಿಸಿ ಎದ್ದು ಅಡುಗೆಮನೆಯ ಹೊಸ್ತಿಲು ದಾಟಿದಳು. ಹಿಂದೆ ನಿಂತ ನಮ್ಮವ್ವ ಶೇವಂತಿ ಎದೆಯ ಮೇಲೆ ಕೈಯಿಟ್ಟುಕೊಂಡು ‘ಅತ್ತೀ!’ ಎಂದಳು. ಆಯಿ ಬುಟ್ಟಿಯಿಂದ ರೊಟ್ಟಿ ತೆಗೆದು ಶೇಂಗಾ ಹಿಂಡಿ ಹಚ್ಚಿ ಬಾಯಿಗೆ ಹಾಕಿಕೊಂಡಳು.

‘ನೋಡಿದಿ? ಮುಗಲ ಹರಕೊಂಡ ಬಿತ್ತೇನು? ಈಗ ನೀ ಉಣ್ಣು. ನಾ ನೋಡತೇನಿ.’

ವಾರ್ಡನ್ ಅನ್ನ-ಬೇಳೆಯ ಬಟ್ಟಲು ಕೈಗೆ ಕೊಟ್ಟರು. ಅಳುತ್ತ ಉಂಡೆ. ನೆಟ್‌ವರ್ಕ್ ಹೋಗಿ ಆಯಿ ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಪರದೆಯ ಮೇಲೆ ಹಾಗೇ ನಿಂತುಬಿಟ್ಟಳು. ಆ ಮುಖ ನೋಡುತ್ತ ಬಟ್ಟಲು ಖಾಲಿ ಮಾಡಿದೆ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಮುಂದಿನದನ್ನು ಹೇಳಬಾರದು ಎಂದು ಆಯಿ ತಾಕೀತು ಮಾಡಿದ್ದಾಳೆ. ಅಗೋ, ಮೂರನೇ ಸಾಲಿನಲ್ಲಿ ಕೂತು ನನ್ನನ್ನೇ ದಿಟ್ಟಿಸುತ್ತಿದ್ದಾಳೆ. ಸಿಟ್ಟಿಗೇಳಬ್ಯಾಡ ಆಯಿ, ಬಾಯಿ ತಡೆಯವಲ್ಲದು.

ಆಮೇಲೆ ನಾನು ದಿನವೂ ಉಂಡೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಪೂಜೆ ಮಾಡಿದೆ. ಓದಿದೆ, ಹಿಮದಲ್ಲಿ ಜಾರಿದೆ, ಉಪ್ಪಿನ ಚಹಾ ಎರಡು ಸಲ ಕೇಳಿ ಕುಡಿದೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಚಳಿಗಾಲದ ರಜೆ ಕೊಟ್ಟರು, ಊರಿಗೆ ಬಂದೆ. ಆಯಿ ಬಾಗಿಲಲ್ಲೇ ನಿಂತಿದ್ದಳು. ಓಡಿಹೋಗಿ ತಬ್ಬಿಕೊಂಡೆ. ತಬ್ಬಿಕೊಂಡವಳು ಬೆಚ್ಚಿ ಹಿಂದೆ ಸರಿದೆ. ಆಯಿ ನಾರುತ್ತಿದ್ದಳು! ಕೂದಲು ಗಂಟುಗಂಟಾಗಿತ್ತು. ಇದು ನಮ್ಮ ಆಯಿಯೇ?

ಅವ್ವ ಕಣ್ಣೊರೆಸಿಕೊಳ್ಳುತ್ತ ಹೇಳಿದಳು. ‘ನೀ ಫೋನ್ ಮಾಡಿದ ದಿನದಿಂದ ಮೈಮ್ಯಾಲೆ ನೀರ ಹಾಕೊಂಡಿಲ್ಲ ನೋಡವಾ. ಒದ್ದಿ ಅರಿವಿಲೆ ಒರಸಕೊಂತಾರ, ಅಷ್ಟ. ದೀಪಾವಳಿಗಿ ಎಣ್ಣಿ ಹಿಡಕೊಂಡ ನಿಂತೆ, ಒಲ್ಲೆ ಅಂದ್ರು.’ ಮಠದ ಪಂಕ್ತಿಯಲ್ಲಿ ಯಾವಾಗಲೂ ಮೊದಲು ಕೂರುತ್ತಿದ್ದವಳು ತಾನಾಗಿಯೇ ಕಂಬದ ಹಿಂದೆ ಒಬ್ಬಳೇ ಕೂತು ಉಂಡಳಂತೆ. ನೆರೆಯ ಹೆಂಗಸರು ಮುದುಕಿಗೆ ತಲೆ ಕೆಟ್ಟಿತು ಎಂದು ನಕ್ಕರಂತೆ. ಯಾರಿಗೂ ಕಾರಣ ಹೇಳಲಿಲ್ಲ.

ನನಗೆ ನಾಚಿಕೆ, ಸಂಕಟ, ಪ್ರೀತಿ ಎಲ್ಲ ಒಟ್ಟಿಗೇ ಒತ್ತರಿಸಿ ಬಂತು. ‘ಯಾಕ ಆಯಿ? ಒಂದ ದಿನಾ ಮಾಡಿ ತೋರಿಸಿದ್ದು ಸಾಕಿತ್ತಲ್ಲ?’ ಎಂದು ಬೈದೆ.

ಆಯಿ ನನ್ನ ಗಲ್ಲ ಹಿಡಿದು ದಪ್ಪಗಾಗಿದ್ದೇನೆಯೇ ಎಂದು ನೋಡುತ್ತ ಹೇಳಿದಳು. ‘ನೀ ದಿನಾ ಉಣಬೇಕಿತ್ತಲ್ಲ ಬೇ.’

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಗಡಿಯಾರ ನೋಡಿಯೂ ಗಂಟೆ ಬಾರಿಸದ ಮೇಡಂ ಅವರಿಗೆ, ನಿಮಗೆಲ್ಲರಿಗೆ ಧನ್ಯವಾದ. ಮಕ್ಕಳೇ, ಹೋಗಿಬನ್ನಿ. ನಾನು ಮನೆಗೆ ಹೋಗಿ ಬೈಸಿಕೊಳ್ಳುತ್ತೇನೆ. ನಮಸ್ಕಾರ.