ಅಡುಗೆಮನೆಯಿಂದ ಒಂದು ಸಲ ಕೂಗಿ

…ಅಯ್ಯೋ, ಹಾಗೇ ಬನ್ನಿ ಏಜೆಂಟ್ರೇ! ಶೂ ತುಂಬ ಸಿಮೆಂಟಾದ್ರೆ ಆಗಲಿ. ಬಾಗಿಲಲ್ಲಿ ಗೋಣಿಚೀಲ ಹಾಸಿದ್ದಾರೆ, ನಿಜ. ಆದ್ರೆ ಖಾಲಿ ಮನೆ, ಕಾಲು ಒರೆಸಿಕೊಳ್ಳಿ ಅನ್ನೋರು ಯಾರಿದ್ದಾರೆ ಇಲ್ಲಿ? ಬನ್ನಿ, ಬನ್ನಿ.

ಹೂಂ… ಪೇಂಟಿನ ವಾಸನೆ. ಯಾರೂ ಇನ್ನೂ ಉಸಿರಾಡಿಲ್ಲ ಇದರೊಳಗೆ.

ಯಾಕೆ ನಗ್ತೀರಿ? ನಾಣ್ಯ ತೆಗೆದೆ ಅಂತಲಾ? ನಗಿ. ತಟ್ಟಿ ನೋಡದೆ ನಾನು ನೆಲ ಒಪ್ಪೋನಲ್ಲ. ಟಕ್… ಟಕ್… ಇದು ಗಟ್ಟಿ. ಟೊಕ್… ಕೇಳಿದ್ರಾ? ಪೊಳ್ಳು! ಟೈಲ್ಸ್ ಅಡಿ ಸಿಮೆಂಟ್ ಕೂತಿಲ್ಲ. ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಕಿವಿ ರೀ ಇದು. ಗೊರಗೊರದ ಮಧ್ಯೆ ಮಾತು ಎಲ್ಲಿದೆ ಅಂತ ಹುಡುಕಿದ ಕಿವಿ.

ನನ್ನ ಭಾವಮೈದನೂ ನಿಮ್ಮ ಹಾಗೇ ನಗ್ತಾನೆ. "ಹೊಸ ಮನೆಗೆ ಏಜೆಂಟ್ ಯಾಕೆ ಭಾವ? ಕಟ್ಟಿದವರ ಕಡೆ ಹುಡುಗಿ ಬಾಗಿಲಲ್ಲೇ ನಿಂತಿರ್ತಾಳೆ, ಹೋಗಿ ಸಹಿ ಹಾಕಿ" ಅಂತ. ಅವಳು ಕಟ್ಟಿದವರ ಉಪ್ಪು ತಿನ್ನೋಳಪ್ಪಾ, ಗೋಡೆ ಬಿರುಕು ಬಿಟ್ರೂ ಚಿತ್ತಾರ ಅಂತಾಳೆ, ನನ್ನ ಕಡೆ ನಿಂತು ಹುಳುಕು ಹುಡುಕೋಕೆ ಒಬ್ಬರು ಬೇಕು ಅಂದೆ. ಸುಳ್ಳಲ್ಲ… ಪೂರ್ತಿ ನಿಜವೂ ಅಲ್ಲ, ಬಿಡಿ.

ಹಾಗೆ ನೋಡ್ಬೇಡಿ. ಗೊತ್ತು, ಇದು ಐದನೇ ಮನೆ. ಒಂದರಲ್ಲಿ ಬಚ್ಚಲ ನೀರು ಬಾಗಿಲ ಕಡೆ ಹರೀತಿತ್ತು. ಇನ್ನೊಂದರ ಕಿಟಕಿ ಮುಚ್ತಿರ್ಲಿಲ್ಲ. "ಅವರಿಂದಲೇ ಸರಿಮಾಡಿಸಿ ಕೊಡ್ತೀನಿ" ಅಂದ್ರಿ ನೀವು. ನಾನೇ ಬೇಡ ಅಂದೆ.

ಈಗಿರೋ ಮನೆಗೆ ಏನಾಗಿದೆ ಅಂತಲಾ? ಅದಕ್ಕೇನೂ ಆಗಿಲ್ಲ. ನನ್ನ ಹೆಂಡತಿ ತೀರಿಹೋದ ಮೇಲೆ… ಮಗಳದ್ದು ಒಂದೇ ಹಟ. "ಅಪ್ಪಾ, ಆ ಗೋಡೆಗಳ ಜೊತೆ ಮಾತಾಡ್ಕೊಂಡು ಕೂತ್ರೆ ಹುಚ್ಚು ಹಿಡಿಯುತ್ತೆ, ಯಾರ ನೆನಪೂ ಇಲ್ಲದ ಹೊಸ ಮನೆಗೆ ಹೋಗು" ಅಂತ. ಮಾರಿಯೂ ಆಯ್ತು. ತಿಂಗಳೊಳಗೆ ಬಿಡಬೇಕು. ಸದ್ದಿಲ್ಲದ ಮನೆ ಬೇಕು ನನಗೆ. ಅಷ್ಟೇ.

ಸರಿ, ಕೊನೇ ಪರೀಕ್ಷೆ. ಎಲ್ಲಾ ಮನೇಲೂ ಮಾಡಿಸಿದ್ದೀನಲ್ಲ, ಅದೇ. ಅಡುಗೆಮನೆಗೆ ಹೋಗಿ, ಬಾಗಿಲು ಹಾಕ್ಕೊಂಡು ಒಂದು ಸಲ ಕೂಗಿ. ಒಂದೇ ಸಲ.

…ಕೇಳಿಸ್ತು!

…

ಬಂದ್ರಾ? ಎರಡು ಸಲ ಕೂಗಿದ್ರಲ್ಲ? "ಸಾರ್" ಅಂತ ಒಂದು. ಆಮೇಲೆ ಇನ್ನೊಂದು, ಮೆಲ್ಲಗೆ… ಅಲ್ವಾ? ಮುಖ ಯಾಕೆ ಬಿಳಿಚಿಕೊಂಡಿದೆ?

ಆ ನಾಲ್ಕೂ ಮನೇಲಿ ನಿಮ್ಮ ಕೂಗು ಮಾತ್ರ ಕೇಳಿಸಿತ್ತು. ಅದಕ್ಕೇ ಬೇಡ ಅಂದಿದ್ದು… ನೀರಿಗೂ ಅಲ್ಲ, ಕಿಟಕಿಗೂ ಅಲ್ಲ. ನನ್ನವಳು ಬರದ ಮನೆಗೆ ನಾನು ಹೇಗೆ ಹೋಗಲಿ? ಒಬ್ಬನೇ ಬಂದಿದ್ರೆ ನನ್ನ ಕಿವಿ ನಾನೇ ನಂಬ್ತಿರ್ಲಿಲ್ಲ. ನನಗೆ ಬೇಕಿದ್ದದ್ದು ಇನ್ನೊಂದು ಜೊತೆ ಕಿವಿ.

ಅವಳು ಏನಂದಳು ಅಂತ ನಾನು ಹೇಳಲ್ಲ. ಹೇಳಿದ್ರೆ, ಪಾಪ ಅಂತ ನೀವೂ ಹೌದು ಅಂದುಬಿಡ್ತೀರಿ. ನೀವೇ ಹೇಳಿ.

…ಎಲ್ಲಿಗೆ ಹೊರಟ್ರಿ? ಏಜೆಂಟ್ರೇ? ಹೋಗೋದಾದ್ರೆ ಹೋಗಿ, ತಪ್ಪು ತಿಳ್ಕೊಳ್ಳಲ್ಲ…

ಇದೇನು… ಗೋಣಿಚೀಲದ ಮೇಲೆ ನಿಂತು ಕಾಲು… ಅಂದ್ರೆ ನಿಮಗೂ ಅದೇ ಕೇಳಿಸ್ತು!

ಒರೆಸಿ. ಚೆನ್ನಾಗಿ ಒರೆಸಿ. ಹಿಮ್ಮಡೀನೂ ನೋಡ್ತಾಳೆ ಅವಳು.

ಸ್ವಲ್ಪ ಸರೀರಿ… ನಾನೂ ಒರೆಸ್ಕೋತೀನಿ.